ಪೂಜೆಗೆ ಕೂತ ಲೈಬ್ರರಿ

ನಿನ್ನೆ ಬೆಳಿಗ್ಗೆ ಹಾಲು ತರೋಕೆ ಹೋದವನು ದಾರೀಲೇ ನಿಂತುಬಿಟ್ಟೆ. ನಮ್ಮ ಬಸವೇಶ್ವರನಗರದ ಪಾರ್ಕ್ ಪಕ್ಕ ಒಂದು ಹೊಸ ಕಟ್ಟಡ ಎದ್ದಿದೆ. ಅದರ ಕಿಟಕಿಯಿಂದ ಹಸಿ ಡಿಸ್ಟೆಂಪರ್ ವಾಸನೆ ಬರ್ತಿತ್ತು. ಬಾಗಿಲ ಹತ್ರ ಗೋಣಿಚೀಲದಲ್ಲಿ ತಂದಿಟ್ಟಿದ್ದ ಚೆಂಡುಹೂವಿನ ವಾಸನೆ ಬೇರೆ. ಇವೆರಡೂ ಬೇರೆ ಬೇರೆ ಬಂದ್ರೆ ನಂಗೇನೂ ಆಗಲ್ಲ. ಒಟ್ಟಿಗೆ ಮೂಗಿಗೆ ಬಿದ್ರೆ ಮಾತ್ರ ಹಾಲು ಗೀಲು ಎಲ್ಲಾ ಮರೆತುಹೋಗತ್ತೆ. ತಲೆ ಎತ್ತಿ ನೋಡಿದ್ರೆ ಬ್ಯಾನರ್ ಕಟ್ಟಿದ್ರು, ಸಾರ್ವಜನಿಕ ಗ್ರಂಥಾಲಯದ ಉದ್ಘಾಟನೆ ಅಂತ. ಅದರಲ್ಲಿ ಹನ್ನೊಂದು ಜನರ ಫೋಟೋ. ಹನ್ನೊಂದರಲ್ಲಿ ಒಬ್ಬರ ಕೈಯಲ್ಲೂ ಪುಸ್ತಕ ಇಲ್ಲ. ಇಬ್ಬರ ಕೈಯಲ್ಲಿ ಫೋನ್ ಇದೆ. ಸಮಾರಂಭಕ್ಕೆ ಇನ್ನೂ ಎರಡು ದಿನ ಬಾಕಿ, ಪುಸ್ತಕ ಬಂದಿಲ್ಲ, ಹೂವು ಆಗಲೇ ಬಂದಿದೆ. ಹೂವು ಯಾವಾಗ್ಲೂ ಮುಂಚೆನೇ ಬರತ್ತೆ.

ನಿಮಗೆ ಟೈಮ್ ಇದ್ರೆ ಕೂತ್ಕೊಳ್ಳಿ, ಒಂದು ಹಳೇ ಕಥೆ ಹೇಳ್ತೀನಿ. ನಿಧಾನಕ್ಕೆ ಹೇಳ್ತೀನಿ. ಯಾಕಂದ್ರೆ ನಾನು ಟೈಪ್ ಮಾಡೋದೇ ಒಂದು ಬೆರಳಲ್ಲಿ. ಗ್ರಂಥಾಲಯ ಅಂತ ಹೊಡೆಯೋಷ್ಟರಲ್ಲಿ ಕಾಫಿ ಆರಿಹೋಗತ್ತೆ. ಅದಕ್ಕೇ ಇನ್ನು ಮುಂದೆ ಲೈಬ್ರರಿ ಅಂತಲೇ ಬರೀತೀನಿ.

ಎಂಬತ್ತರ ದಶಕದ ಮಾತು. ನಾನು ಕುಣಿಗಲ್ ಕಡೆಯವನು. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟು ಸೋದರಮಾವನ ಸೋಡಾ ಅಂಗಡೀಲಿ ಬಾಟಲಿ ತೊಳೀತಾ ಬೆಳೆದೆ. ಇಪ್ಪತ್ತನಾಲ್ಕಕ್ಕೆ ಬೆಂಗಳೂರಿಗೆ ಬಂದು ರಾಜಾಜಿನಗರದ ಒಂದು ಸಣ್ಣ ಫ್ಯಾಕ್ಟರೀಲಿ ಹೆಲ್ಪರ್ ಆದೆ. ಅಲ್ಲಿ ಬೋಲ್ಟು ನಟ್ಟು ತೊಳೀತಿದ್ದೆ. ಒಟ್ಟಿನಲ್ಲಿ ತೊಳೆಯೋದು ತಪ್ಪಲಿಲ್ಲ. ಸ್ಟೋರಿನಲ್ಲಿ ಗುಮಾಸ್ತರೊಬ್ಬರು ರಿಟೈರ್ ಆಗೋರಿದ್ರು. ಮ್ಯಾನೇಜರ್ ಕರೆದು, "ಎಸ್ಸೆಸ್ಸೆಲ್ಸಿ ಪಾಸ್ ಮಾಡ್ಕೊಂಡು ಬಾರಯ್ಯ, ಆ ಕುರ್ಚಿ ನಿಂಗೇ," ಅಂದಿದ್ರು. ಆ ಒಂದು ಮಾತಿಗೆ ನಾನು ಇಪ್ಪತ್ತಾರನೇ ವಯಸ್ಸಲ್ಲಿ ಟ್ಯುಟೋರಿಯಲ್ ಸೇರಿ, ಮೀಸೆ ಹೊತ್ಕೊಂಡು ಬೆಂಚಲ್ಲಿ ಕೂತೆ. ಕನ್ನಡ, ಸಮಾಜ, ವಿಜ್ಞಾನ ಎಲ್ಲಾ ಹೆಂಗೋ ಆಯ್ತು. ಗಣಿತ ಮಾತ್ರ ಎರಡು ಸಲ ಡುಮ್ಕಿ.

ಓದೋಕೆ ಜಾಗ ಇರಲಿಲ್ಲ ಅಂತ ಹೇಳಿದ್ರೆ ನೆಪ ಅಂತೀರ. ಗೋವಿಂದರಾಜನಗರದ ಪಕ್ಕ ಒಂದು ವಠಾರದಲ್ಲಿ ನಮ್ಮ ರೂಮು. ಮೂರು ಜನ, ಒಂದು ಬಲ್ಬು. ಓನರ್ರು ರಾತ್ರಿ ಎಂಟಕ್ಕೆ ಸರಿಯಾಗಿ ಮೇನ್ ಆಫ್ ಮಾಡೋರು. ಕೇಳಿದ್ರೆ, "ಬಾಡಿಗೆ ಕೊಡೋದು ಮಲಗೋಕೆ ತಾನೇ?" ಅನ್ನೋರು. ಹಾಗಿರೋವಾಗ ಎರಡು ರೋಡ್ ಆಚೆ ಲೈಬ್ರರಿ ಆಗತ್ತೆ, ಟ್ಯೂಬ್‌ಲೈಟ್ ಇರತ್ತೆ, ಫ್ಯಾನ್ ಇರತ್ತೆ, ಕುರ್ಚಿ ಇರತ್ತೆ ಅಂದ್ರೆ ನಂಗೆ ಎಷ್ಟು ಖುಷಿ ಆಗಿರಬೇಕು ನೀವೇ ಊಹೆ ಮಾಡ್ಕೊಳ್ಳಿ. ಯಾರೂ ಕರೀದೇ ಇದ್ರೂ ನಾನೇ ಹೋಗಿ ಕೆಲಸಕ್ಕೆ ನಿಂತೆ.

ಲೈಬ್ರರಿಯನ್ ಸೀತಾರಾಮಯ್ಯ ಅಂತ. ಸಣ್ಣ ಆಳು, ದೊಡ್ಡ ಕನ್ನಡಕ, ಯಾರು ಏನು ಹೇಳಿದ್ರೂ "ಹಾಗೇ ಆಗಲಿ" ಅನ್ನೋ ಜಾಯಮಾನ. ಮೂರು ಭಾನುವಾರ ನಾನು ಅವರ ಜೊತೆ ಕೂತು ಪುಸ್ತಕದ ಬೆನ್ನಿಗೆ ನಂಬರ್ ಚೀಟಿ ಅಂಟಿಸಿದೆ. ಮೈದಾ ಅಂಟು, ಕೈಯೆಲ್ಲಾ ಗೊಜ್ಜು. ಮೂರನೇ ಭಾನುವಾರ ಒಂದು ಡಬ್ಬದಿಂದ ಅದು ಬಂತು. ಕೆಂಪು ಬೈಂಡು, ಇಟ್ಟಿಗೆ ಅಷ್ಟು ದಪ್ಪ. ಎಸ್ಸೆಸ್ಸೆಲ್ಸಿ ಗಣಿತದ ಅಷ್ಟೂ ಲೆಕ್ಕಗಳನ್ನ ಹಂತ ಹಂತವಾಗಿ ಬಿಡಿಸಿರೋ ಪುಸ್ತಕ. ನಾನು ಎರಡು ವರ್ಷದಿಂದ ತಲೆ ಚಚ್ಕೊಂಡಿದ್ದ ಪ್ರಮೇಯ ಅದರಲ್ಲಿ ಅನ್ನ ಸಾರಿನ ಹಾಗೆ ಕಲಸಿ ಇಟ್ಟಿತ್ತು. ಒಂದೇ ಪ್ರತಿ.

"ಸಾರ್, ಇದು ನಂಗೆ," ಅಂದೆ.

"ಮೊದಲನೇ ಕಾರ್ಡು ನಿಂದೇ ಕಣಯ್ಯ," ಅಂದ್ರು ಸೀತಾರಾಮಯ್ಯ. "ಉದ್ಘಾಟನೆ ಒಂದು ಆಗಿಬಿಡಲಿ. ಅಲ್ಲೀವರೆಗೆ ಹೊರಗೆ ಕೊಡೋ ಹಾಗಿಲ್ಲ."

ದಸರಾ ಕಳೆದು ಹದಿನೈದು ದಿನಕ್ಕೆ ನನ್ನ ಪರೀಕ್ಷೆ. ಉದ್ಘಾಟನೆ ದಸರಾದಲ್ಲೇ. ಸಾಕು ಅಂದ್ಕೊಂಡೆ. ಹದಿನೈದು ದಿನ ಆ ಪುಸ್ತಕ ಕೈಯಲ್ಲಿದ್ರೆ ಕುರ್ಚಿ ನಂದೇ.

ಈಗ ಮರಿಯಪ್ಪನವರ ವಿಷಯಕ್ಕೆ ಬರಬೇಕು. ನಮ್ಮ ಏರಿಯಾದ ನಾಗರಿಕರ ಸಂಘಕ್ಕೆ ಅವರು ಅಧ್ಯಕ್ಷರು. ಹಿಂದೆ ಅಲ್ಲಿ ಹಳ್ಳಿ ಇದ್ದಾಗ ಅರ್ಧ ಹೊಲ ಅವರದ್ದೇ ಅಂತೆ. ಸೈಟ್ ಆದಮೇಲೆ ಹೊಲ ಹೋಯ್ತು, ಗತ್ತು ಉಳೀತು. ಬಿಳಿ ಪಂಚೆ, ಬಿಳಿ ಶರ್ಟು, ಜೇಬಲ್ಲಿ ಎರಡು ಪೆನ್ನು. ಎರಡು ಪೆನ್ನು ಯಾಕೆ ಅಂತ ನಂಗೆ ಯಾವತ್ತೂ ಅರ್ಥ ಆಗಲಿಲ್ಲ, ಒಂದರಲ್ಲೂ ಅವರು ಬರೆದಿದ್ದನ್ನ ನಾನು ನೋಡಿಲ್ಲ. ಉದ್ಘಾಟನೆ ಸರಸ್ವತಿ ಪೂಜೆ ದಿನವೇ ಆಗಬೇಕು ಅಂತ ಹಟ ಹಿಡಿದವರು ಅವರೇ. "ಪುಸ್ತಕದ ಮನೆ ಅಂದಮೇಲೆ ಪೂಜೆ ಆಗದೆ ಹೆಂಗೆ?" ಅಂತ.

ನಿಮ್ಮ ಮನೇಲೂ ಈ ಪದ್ಧತಿ ಇರಬಹುದು. ನವರಾತ್ರೀಲಿ ಪುಸ್ತಕಗಳನ್ನ ಪೇರಿಸಿ, ಮೇಲೆ ಸರಸ್ವತಿ ಪಟ ಇಟ್ಟು ಪೂಜೆ ಮಾಡ್ತಾರೆ. ಪೂಜೆಗೆ ಕೂತ ಪುಸ್ತಕ ಮುಟ್ಟೋ ಹಾಗಿಲ್ಲ, ಓದೋ ಹಾಗಿಲ್ಲ. ವಿಜಯದಶಮಿ ದಿನ ಪೂಜೆ ಇಟ್ಟವರೇ ಬಂದು ವಿಸರ್ಜನೆ ಮಾಡಿ, ಪಟ ಸ್ವಲ್ಪ ಜರುಗಿಸಿ, ಒಂದು ಪುಸ್ತಕ ತೆಗೆದು ಎರಡು ಸಾಲು ಓದಿದ ಮೇಲೇ ಬಿಡುಗಡೆ. ಓದೋದಕ್ಕೆ ರಜ ಅಂತ ಮಕ್ಕಳಿಗೆಲ್ಲಾ ಈ ಹಬ್ಬ ಅಂದ್ರೆ ಪ್ರಾಣ. ನಾನು ಓದು ಬಿಟ್ಟವನಾದ್ದರಿಂದ ಹನ್ನೆರಡು ವರ್ಷ ನಂಗೆ ಎಲ್ಲಾ ದಿನವೂ ಸರಸ್ವತಿ ಪೂಜೆನೇ ಆಗಿತ್ತು.

ಉದ್ಘಾಟನೆ ದಿನ ಬೆಳಿಗ್ಗೆ, ಹಸಿ ಡಿಸ್ಟೆಂಪರ್ ಮಧ್ಯೆ ಚೆಂಡುಹೂವು ಸುರಿದಿದ್ದ ಕೋಣೆಗೆ ಮರಿಯಪ್ಪನವರು ಬಂದು, "ಒಳ್ಳೆ ದಪ್ಪ ದಪ್ಪ ಪುಸ್ತಕ ಆರಿಸಿ ಪೇರಿಸ್ರಪ್ಪ, ಪಟ ಅಲ್ಲಾಡಬಾರದು," ಅಂದ್ರು. ಸೀತಾರಾಮಯ್ಯ "ಹಾಗೇ ಆಗಲಿ" ಅಂದ್ರು. ಆಗ ನಾನು ಏನು ಮಾಡಿದೆ ಗೊತ್ತಾ? ಯಾರೂ ಹೇಳದೇನೆ ಆ ಕೆಂಪು ಪುಸ್ತಕ ತಗೊಂಡು ಹೋಗಿ ಎಲ್ಲಕ್ಕಿಂತ ಅಡಿಗೆ ಇಟ್ಟೆ. ಗಟ್ಟಿ ಬುಡ ಅಂತ ಒಂದು. ಇನ್ನೊಂದು, ಹೇಳೋಕೆ ನಾಚಿಕೆ, ಅಮ್ಮನೋರ ಆಶೀರ್ವಾದ ಅದಕ್ಕೇ ಜಾಸ್ತಿ ಇಳೀಲಿ ಅಂತ. ಉಳಿದ ಪುಸ್ತಕಗಳ ಬೀರುಗಳಿಗೂ ಪೂಜೆ ಆಯ್ತು. ಒಂದೊಂದರ ಹಿಡಿಗೂ ಅರಿಶಿನ ಹಚ್ಚಿದ ದಾರ ಸುತ್ತಿ ಗಂಟು ಹಾಕಿದ್ರು. ಬೀಗ ಹಾಕಲೇ ಇಲ್ಲ. ಬೇಕೂ ಇರಲಿಲ್ಲ.

ಮಂತ್ರಿಗಳು ಹತ್ತಕ್ಕೆ ಬರಬೇಕಿತ್ತು, ಒಂದೂಕಾಲಿಗೆ ಬಂದ್ರು. ರಿಬ್ಬನ್ ಇತ್ತು, ಕತ್ತರಿ ಇರಲಿಲ್ಲ. ಮೂಲೆ ಟೈಲರ್ ಅಂಗಡಿಯಿಂದ ಕತ್ತರಿ ತರೋತನಕ ಮಂತ್ರಿಗಳು ರಿಬ್ಬನ್ನನ್ನ ಎರಡು ಬೆರಳಲ್ಲಿ ಹಿಡ್ಕೊಂಡು ಫೋಟೋದವರ ಕಡೆ ನಗ್ತಾ ನಿಂತಿದ್ರು. ಅಷ್ಟು ಹೊತ್ತು ಒಂದೇ ನಗು ಇಟ್ಕೊಂಡು ನಿಂತ ಮನುಷ್ಯನ್ನ ನಾನು ಆಮೇಲೆ ನೋಡಿಲ್ಲ. ಭಾಷಣದಲ್ಲಿ, "ಇದು ಕಟ್ಟಡವಲ್ಲ, ಜ್ಞಾನದ ದೇಗುಲ. ಈ ಬಡಾವಣೆಯ ನಾಗರಿಕ ಬದುಕು ಇಂದಿನಿಂದ ಆರಂಭ," ಅಂದ್ರು. ನಿನ್ನೆವರೆಗೆ ನಾವು ಏನಾಗಿದ್ವಿ ಅಂತ ಎದ್ದು ಕೇಳೋಣ ಅನ್ನಿಸ್ತು. ಆದ್ರೆ ಬಾಡಿಗೆಯವರಿಗೆ ಹಾಕಿದ್ದ ಕುರ್ಚಿ ಶಾಮಿಯಾನದ ಆಚೆ, ಬಿಸಿಲಲ್ಲಿತ್ತು. ಅಲ್ಲಿಂದ ಕೂಗಿದ್ರೂ ಕೇಳಿಸ್ತಿರಲಿಲ್ಲ. ಶಾಲು, ಹಣ್ಣಿನ ಬುಟ್ಟಿ, ಫೋಟೋ. ಲೈಬ್ರರಿ ಒಳಗೆ ಅವರಿದ್ದದ್ದು ಮಂಗಳಾರತಿ ತಗೊಳ್ಳೋಷ್ಟು ಹೊತ್ತು. ದೇಗುಲ ಅಂದಮೇಲೆ ಇನ್ನೆಷ್ಟು ಹೊತ್ತು ಇರ್ತಾರೆ?

ಕೊನೆಗೆ ಪರದೆ ಎಳೆದು ಉದ್ಘಾಟನೆ ಕಲ್ಲು ತೋರಿಸಿದ್ರು. ಎಲ್ಲರೂ ಚಪ್ಪಾಳೆ ಹೊಡೆದ್ರು. ಮರಿಯಪ್ಪನವರು ಹತ್ರ ಹೋಗಿ ಬೆರಳಿಟ್ಕೊಂಡು ಮೇಲಿಂದ ಕೆಳಗೆ ಹುಡುಕಿದ್ರು. ಮೊದಲು ಮಂತ್ರಿ, ಆಮೇಲೆ ಆಫೀಸರುಗಳು, ಆಮೇಲೆ ಕಂಟ್ರಾಕ್ಟರ್. ಕಂಟ್ರಾಕ್ಟರ್ ಕೆಳಗೂ ಅವರ ಹೆಸರಿಲ್ಲ. ಅವರ ಬೆರಳು ಕಲ್ಲು ದಾಟಿ ಗೋಡೆ ಮೇಲೆ ಬಂತು. ಪಂಚೆ ಎತ್ತಿ ಕಟ್ಕೊಂಡು ಮನೆಗೆ ಹೊರಟುಹೋದ್ರು.

ವಿಜಯದಶಮಿ ಬಂತು, ಮರಿಯಪ್ಪನವರು ಬರಲಿಲ್ಲ. ಮಾರನೇ ದಿನವೂ ಇಲ್ಲ. ಸೀತಾರಾಮಯ್ಯ ಹೇಳಿಕಳಿಸಿದ್ರೆ, "ನಾನು ಇಟ್ಟ ಪೂಜೆ ನಾನೇ ಎತ್ತಬೇಕು. ಕಲ್ಲಲ್ಲಿ ಹೆಸರು ಬರೋತನಕ ಎತ್ತಲ್ಲ," ಅಂತ ಉತ್ತರ ಬಂತು. ಸಂಘದಲ್ಲಿ ಇನ್ನೂ ಹದಿನಾಲ್ಕು ಜನ ಇದ್ರು. ಎಲ್ಲರೂ ಓದಿದವರೇ, ಬ್ಯಾಂಕು, ಸರ್ಕಾರಿ ಆಫೀಸು ಅಂತ. ಒಬ್ಬ ಕೈಹಾಕ್ತಾನಾ? "ನಮಗ್ಯಾಕೆ ಸಾರ್, ಮನೇಲಿ ಮಕ್ಕಳು ಮರಿ ಇರೋರು," ಅಂತ ಜಾರ್ಕೊಂಡ್ರು. ಒಂದು ದಾರಕ್ಕೆ ಹದಿನಾಲ್ಕು ಡಿಗ್ರಿಗಳು ಹೆದರಿದ್ದನ್ನ ನಾನು ಕಣ್ಣಾರೆ ನೋಡಿದೆ.

ಲೈಬ್ರರಿ ಮುಚ್ಚಿರಲಿಲ್ಲ ಮತ್ತೆ. ಮುಂದಿನ ಹಾಲ್‌ನಲ್ಲಿ ಪೇಪರ್ ಹಾಕ್ತಿದ್ರು. ಚಪ್ಪಲಿ ಹೊರಗೆ ಬಿಡಬೇಕು, ದೇಗುಲ ನೋಡಿ. ರಿಟೈರ್ ಆದ ಯಜಮಾನ್ರುಗಳು ಬೆಳಿಗ್ಗೆನೇ ಬಂದು ಒಂದು ಪೇಪರನ್ನ ನಾಲ್ಕು ಹಾಳೆ ಮಾಡಿ ಹಂಚ್ಕೊಂಡು ಕೂರೋರು. ಒಬ್ಬರು ನಿಧನವಾರ್ತೆ ಬಿಟ್ಟು ಬೇರೆ ಏನೂ ಓದ್ತಿರಲಿಲ್ಲ. ತಮಗಿಂತ ಚಿಕ್ಕವರು ಹೋಗಿದ್ರೆ ಅವತ್ತು ಅವರ ಮುಖದಲ್ಲಿ ಒಂದು ಕಳೆ. ಜಾತಕ ಕೊಡೋದು ತಗೊಳ್ಳೋದು ಅಲ್ಲೇ, ನೀರು ಬಂದಿಲ್ಲ ಅಂತ ಬೈಯೋದು ಅಲ್ಲೇ. ನಾಗರಿಕ ಬದುಕು ಚೆನ್ನಾಗೇ ಆರಂಭ ಆಗಿತ್ತು. ಅವರ ಬೆನ್ನ ಹಿಂದೆ, ಒಳಕೋಣೆಯಲ್ಲಿ, ಒಂದೂ ತೆರೆಯದ ಪುಸ್ತಕಗಳು ಬಾಡಿದ ಹೂವು ಹೊತ್ತು ಕೂತಿದ್ವು.

ಪರೀಕ್ಷೆಗೆ ಒಂಬತ್ತು ದಿನ ಇದ್ದಾಗ ನಾನು ಧೈರ್ಯ ಮಾಡಿ ಮರಿಯಪ್ಪನವರ ಮನೆಗೆ ಹೋದೆ. ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ರು.

"ಯಾರಪ್ಪ ನೀನು? ಯಾರ ಮನೆ ಬಾಡಿಗೆ?"

ಹೇಳಿದೆ. ಪರೀಕ್ಷೆ ವಿಷಯ ಹೇಳಿದೆ, ಪುಸ್ತಕದ ವಿಷಯ ಹೇಳಿದೆ. "ಯಜಮಾನ್ರೇ, ಒಂದೈದು ನಿಮಿಷ ಬಂದು ಪಟ ಜರುಗಿಸಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಲ್ಲಯ್ಯ, ಈ ವಯಸ್ಸಲ್ಲಿ ಎಸ್ಸೆಸ್ಸೆಲ್ಸಿನಾ? ಮದುವೆ ಆಗಿದ್ರೆ ಇಷ್ಟೊತ್ತಿಗೆ ನಿನ್ನ ಮಗನೇ ಬರೆಯೋನು," ಅಂತ ನಕ್ಕರು. ನಾನೂ ನಕ್ಕೆ, ಕೆಲಸ ಆಗಬೇಕಲ್ಲ. ಆಮೇಲೆ ಅವರು ನಗು ನಿಲ್ಲಿಸಿ, "ಆ ಲೈಬ್ರರಿ ಇರೋದು ಎಲ್ಲಿ ಗೊತ್ತಾ? ನಮ್ಮ ರಾಗಿ ಕಣದಲ್ಲಿ. ನಮ್ಮಪ್ಪ ಅಲ್ಲಿ ರಾಗಿ ತೂರ್ತಿದ್ದ. ಆ ಜಾಗ ನಾನು ಬಿಟ್ಟುಕೊಟ್ಟೆ. ನಂಗೆ ಓದೋಕೆ ಬರೋದು ಒಂದೇ ಕಣಪ್ಪ, ನನ್ನ ಹೆಸರು. ಅದನ್ನೂ ಅವರು ಬರೀಲಿಲ್ಲ," ಅಂದ್ರು.

ಇದಕ್ಕೆ ಏನು ಹೇಳ್ತೀರಿ ನೀವು? ಕನಿಕರ ಬಂತು ಅಂತ ಸುಳ್ಳು ಹೇಳಲ್ಲ. ನಿಮ್ಮ ಒಂದು ಹೆಸರಿಗೆ ನನ್ನ ಕುರ್ಚಿ ಹೋಗ್ಬೇಕಾ ಅಂತ ಹಲ್ಲು ಕಚ್ಕೊಂಡು ಇಳಿದು ಬಂದೆ.

ಇಲ್ಲೀವರೆಗಿನ ಕಥೆ ನಾನು ನೂರು ಸಲ ಹೇಳಿದ್ದೀನಿ. ಫ್ಯಾಕ್ಟರಿ ಕ್ಯಾಂಟೀನಲ್ಲಿ, ಮದುವೆ ಮನೆಗಳಲ್ಲಿ, ನಮ್ಮ ಬೀಗರ ಮುಂದೆ. ಮಂತ್ರಿ ರಿಬ್ಬನ್ ಹಿಡ್ಕೊಂಡು ನಿಂತಿದ್ದನ್ನ ಎದ್ದು ನಿಂತು ಮಾಡಿ ತೋರಿಸ್ತೀನಿ, ಜನ ಬಿದ್ದು ಬಿದ್ದು ನಗ್ತಾರೆ. "ಹಿಂಗೆ ಮರಿಯಪ್ಪ ನನ್ನ ಫೇಲ್ ಮಾಡಿಸಿದ್ರು ಕಣ್ರಪ್ಪ," ಅಂತ ಮುಗಿಸ್ತೀನಿ. ಆದ್ರೆ ಅಲ್ಲಿಗೆ ಮುಗಿಯಲ್ಲ. ಇನ್ನೊಂದು ಬೆಳಿಗ್ಗೆ ಇದೆ. ಅದನ್ನ ನಾನು ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೂ ಇಲ್ಲ.

ಪುಟ್ಟಮ್ಮ ಅಂತ ಒಬ್ಬರು ಲೈಬ್ರರಿ ಕಸ ಗುಡಿಸೋಕೆ ಬರೋರು. ದೀಪಾಂಜಲಿ ನಗರದ ಕಡೆಯಿಂದ ನಡ್ಕೊಂಡೇ ಬರ್ತಿದ್ರು. ಪರೀಕ್ಷೆಗೆ ಐದು ದಿನ ಇತ್ತು. ನಾನು ಡ್ಯೂಟಿಗೆ ಮುಂಚೆ ಸುಮ್ನೆ ಹೋಗಿ ಒಳಕೋಣೆ ಬಾಗಿಲಲ್ಲಿ ನಿಂತಿದ್ದೆ. ದಿನಾ ಹಂಗೆ ನಿಲ್ತಿದ್ದೆ, ಬೀದಿ ನಾಯಿ ಹೋಟೆಲ್ ಮುಂದೆ ನಿಂತ ಹಾಗೆ. ಪುಟ್ಟಮ್ಮ ಪೊರಕೆ ಇಟ್ಟು, ಸೆರಗು ಸಿಗಿಸಿ, ಸರಸ್ವತಿ ಪಟಾನ ಎರಡೂ ಕೈಯಲ್ಲಿ ಎತ್ತಿ ಪಕ್ಕದ ಮೇಜಿನ ಮೇಲಿಟ್ರು. ಬಾಡಿದ ಹೂವು ತೆಗೆದು, ಒಂದೊಂದೇ ಪುಸ್ತಕ ಎತ್ತಿ ಧೂಳು ಒರೆಸೋಕೆ ಶುರು ಮಾಡಿದ್ರು.

ನಾನು ಗಾಬರಿಯಾಗಿ, "ಏನಮ್ಮ ಮಾಡ್ತಿದೀರಾ? ಪೂಜೆ ಎತ್ತಿಲ್ಲ ಇನ್ನೂ!" ಅಂದೆ.

"ಅಯ್ಯೋ, ದಿನಾ ಒರೆಸ್ತೀನಿ ಅಣ್ಣ. ಬಿಟ್ರೆ ಇಲಿ ಬರಲ್ವಾ? ಅಕ್ಷತೆ ತಿನ್ನೋಕೆ ಬಂದು ಅಮ್ಮನ ಪಟಾನೂ ಕಡಿದುಹಾಕ್ತವೆ."

"ದೋಷ ಅಲ್ವಾ?"

"ನಂಗೇನಾಗಿದೆ? ಚೆನ್ನಾಗೇ ಇದೀನಲ್ಲ. ಸೀತಾರಾಮಯ್ಯನೋರಿಗೆ ಹೇಳಬೇಡಿ ಅಷ್ಟೇ, ಪಾಪ ಆವಯ್ಯ ಹೆದರ್ಕೊತಾರೆ." ಆಮೇಲೆ ಅಡಿಯಲ್ಲಿದ್ದ ಕೆಂಪು ಪುಸ್ತಕಾನ ಸೀರೆ ಅಂಚಲ್ಲಿ ಒರೆಸಿ ನನ್ನ ಮುಂದೆ ಚಾಚಿದ್ರು. "ದಿನಾ ನೀವು ಇದನ್ನೇ ನೋಡ್ತಾ ನಿಂತಿರ್ತೀರಲ್ಲ. ತಗೊಂಡೋಗಿ. ಓದ್ಬಿಟ್ಟು ತಂದಿಡಿ. ಅಡಿಗೆ ಇನ್ನೊಂದು ಇಡ್ತೀನಿ, ಯಾರಿಗೆ ಗೊತ್ತಾಗತ್ತೆ?"

ಪುಸ್ತಕ ನನ್ನ ಎದೆಯಿಂದ ಒಂದು ಗೇಣು ದೂರದಲ್ಲಿತ್ತು. ನಾನೇ ಅಂಟಿಸಿದ್ದ ನಂಬರ್ ಚೀಟಿ ಕಾಣಿಸ್ತಿತ್ತು. ಬೆನ್ನ ಮೇಲೆ ಸ್ವಲ್ಪ ಸೊಟ್ಟ.

ನನ್ನ ಕೈ ಮೇಲೆ ಬರಲಿಲ್ಲ.

"ಬೇಡಮ್ಮ," ಅಂದೆ. "ಪರೀಕ್ಷೆ ಮುಂದಿದೆ. ಈಗ ಮುಟ್ಟಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ಪುಟ್ಟಮ್ಮ ನನ್ನ ಮುಖಾನೇ ನೋಡಿದ್ರು. "ಪರೀಕ್ಷೆ ಮುಂದಿದೆ ಅಂತ ತಾನೇ ಅಣ್ಣ ಬೇಕಾಗಿರೋದು?" ಅಂದ್ರು. ನಕ್ಕಿದ್ರೆ ವಾಸಿ ಇತ್ತು. ನಗಲಿಲ್ಲ. ಪುಸ್ತಕ ವಾಪಸ್ ಅಡಿಗೆ ಇಟ್ಟು, ಉಳಿದಿದ್ದೆಲ್ಲಾ ಪೇರಿಸಿ, ಪಟ ಕೂರಿಸಿ, ಪೊರಕೆ ತಗೊಂಡು ಆ ಕಡೆ ಹೋದ್ರು.

ಗಣಿತ ಮೂರನೇ ಸಲ ಹೋಯ್ತು. ಕುರ್ಚಿಗೆ ಮ್ಯಾನೇಜರ್ ಬೇರೆ ಯಾರನ್ನೋ ತಂದು ಕೂರಿಸಿದ್ರು. ಮುಂದಿನ ವರ್ಷ ನಾನು ಪಾಸ್ ಆದೆ, ಆದ್ರೆ ಅಷ್ಟೊತ್ತಿಗೆ ಅಲ್ಲಿ ಜಾಗ ಇರಲಿಲ್ಲ. ಇನ್ನೂ ಆರು ವರ್ಷ ಬೋಲ್ಟು ತೊಳೆದೆ. ಲೈಬ್ರರಿ ಕಥೆ ಏನಾಯ್ತು ಅಂತೀರಾ? ಪರೀಕ್ಷೆ ಆದ ಮೇಲೆ ಒಂದು ದಿನ ಕಲ್ಲಿನ ಕೆಳಗೆ ಇನ್ನೊಂದು ಸಣ್ಣ ಕಲ್ಲು ಕೂರಿಸಿದ್ರು, ಅದರಲ್ಲಿ ಒಂದೇ ಹೆಸರು. ಮರಿಯಪ್ಪನವರು ಬಂದು ಅದನ್ನ ಬೆರಳಿಟ್ಟು ಓದಿ, ಒಳಗೆ ಹೋಗಿ ಪಟ ಜರುಗಿಸಿದ್ರು. ದಿನಾ ಬೆಳಿಗ್ಗೆ ಜರುಗ್ತಿದ್ದ ಪಟವನ್ನ ಅವರು ಮಂತ್ರ ಹೇಳಿ ಅರ್ಧ ಇಂಚು ಜರುಗಿಸಿದ್ರು, ಹದಿನಾಲ್ಕು ಜನ ಕೈಮುಗಿದ್ರು. ಪುಟ್ಟಮ್ಮ ಬಾಗಿಲ ಹತ್ರ ಪೊರಕೆ ಹಿಡ್ಕೊಂಡು ನಿಂತಿದ್ರು. ನಾನು ಅವರ ಕಡೆ ನೋಡಲಿಲ್ಲ.

ಮಂತ್ರಿ, ಮರಿಯಪ್ಪ, ಸೀತಾರಾಮಯ್ಯ, ಆ ಹದಿನಾಲ್ಕು ಡಿಗ್ರಿಗಳು, ಎಲ್ಲರನ್ನೂ ಇಷ್ಟು ವರ್ಷ ಚೆನ್ನಾಗಿ ಆಡ್ಕೊಂಡೆ. ಅವರನ್ನ ಈಗಲೂ ಬಿಡಲ್ಲ. ಆದ್ರೆ ಅವರ್ಯಾರೂ ನನ್ನ ಕೈ ಹಿಡ್ಕೊಂಡಿರಲಿಲ್ಲ. ಆ ಕೋಣೇಲಿ ಇದ್ದದ್ದು ನಾವಿಬ್ಬರೇ. ಇಬ್ಬರಲ್ಲಿ ಓದು ಬಾರದವರು ಪುಸ್ತಕ ಕೊಟ್ರು, ಓದಬೇಕಾದವನು ಬೇಡ ಅಂದ. ಇದನ್ನ ಟೈಪ್ ಮಾಡೋಕೆ ನಂಗೆ ಇಡೀ ಮಧ್ಯಾಹ್ನ ಹಿಡೀತು, ಬೆರಳಿನ ತಪ್ಪಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಆ ಪಾರ್ಕ್ ಪಕ್ಕ ಹೋದೆ. ಬಾಗಿಲು ತೆಗೆದಿತ್ತು. ಪುಸ್ತಕದ ಡಬ್ಬಗಳು ಬಂದಿದ್ವು. ಒಳಗೆ ಒಬ್ಬ ಪೇಂಟರ್ ಮಾತ್ರ ಇದ್ದ. ನಲವತ್ತರ ಆಸುಪಾಸಿನವನು, ಕಿಟಕಿ ಸರಳಿಗೆ ಎರಡನೇ ಕೋಟ್ ಹೊಡೀತಿದ್ದ. ನಾನು ಒಂದು ಡಬ್ಬದ ಟೇಪ್ ಕಿತ್ತೆ.

"ಯಜಮಾನ್ರೇ, ಮುಟ್ಟಬೇಡಿ. ನಾಳೆ ಪೂಜೆ ಇದೆಯಂತೆ. ಅದಾದ ಮೇಲೇ ತೆಗೀಬೇಕಂತೆ."

"ಗೊತ್ತು ಕಣಪ್ಪ," ಅಂತ ಕೈಗೆ ಸಿಕ್ಕಿದ್ದು ತೆಗೆದೆ. ತೆಳ್ಳಗಿನ ಪುಸ್ತಕ, ಮೇಲೆ ಹಸುವಿನ ಚಿತ್ರ. ತೆರೆದೆ. ಅಕ್ಷರ ಎಲ್ಲಾ ಇರುವೆ ಸಾಲು. ಜೇಬು ತಡಕಾಡಿದ್ರೆ ಕನ್ನಡಕ ಮನೇಲಿ. ಇಷ್ಟು ವರ್ಷ ಆದಮೇಲೆ ಧೈರ್ಯ ಮಾಡಿದ್ದೂ ಹೀಗಾಯ್ತಲ್ಲ ಅಂತ ನಂಗೇ ನಗು ಬಂತು. ಪುಸ್ತಕಾನ ಅವನ ಕಡೆ ಚಾಚಿದೆ.

"ಒಂದೆರಡು ಸಾಲು ಓದಿ ಹೇಳಪ್ಪ, ನಂಗೆ ಕಾಣಿಸಲ್ಲ."

ಅವನು ಕೈ ನೋಡ್ಕೊಂಡ. "ಕೈಯೆಲ್ಲಾ ಬಣ್ಣ ಸಾರ್. ಅಂಟ್ಕೊಳ್ಳತ್ತೆ."

"ಅಂಟ್ಕೊಳ್ಳಲಿ."

ಲುಂಗಿಗೆ ಕೈ ಒರೆಸಿ ಪುಸ್ತಕ ತಗೊಂಡ. ಹಾಳೆ ಅಂಚಿಗೆ ಹೆಬ್ಬೆಟ್ಟಿನ ಗುರುತು ಬೆಳ್ಳಗೆ ಬಿತ್ತು. ಕೂಡಿಸಿ ಕೂಡಿಸಿ ಓದೋಕೆ ಶುರು ಮಾಡಿದ. ಹಸುವಿನ ಕೆಚ್ಚಲು ಬಾವು ಬಂದ್ರೆ ಏನು ಮಾಡಬೇಕು ಅನ್ನೋದು. ಎರಡು ಸಾಲು ಆಯ್ತು, ನಾಲ್ಕಾಯ್ತು. "ಸಾರ್, ಇದು ನಮ್ಮೂರಲ್ಲಿ ನಮ್ಮ ಹಸುಗೂ ಬಂದಿದೆ," ಅಂದ. ನಾನು "ಹೌದಾ?" ಅಂದೆ. ಅವನಿಗೆ ಕೇಳಿಸಲಿಲ್ಲ. ಏಣಿ ಮೆಟ್ಟಿಲ ಮೇಲೆ ಕೂತು, ತುಟಿ ಅಲ್ಲಾಡಿಸ್ತಾ, ಹಾಳೆ ತಿರುವಿದ.